ದುಗ್ನಾಡ್ ಪದದ ಉಳಿದರ್ಧ

ಬರ್ಗೆನ್ನಿನಲ್ಲಿ ಶನಿವಾರ ನೋಡಿಕೊಂಡು ಬಿಸಿಲು ಬೀಳುವುದು ಅಪರೂಪ. ಬಿದ್ದ ದಿನವೇ ವಸತಿ ಸಂಘದವರು ದುಗ್ನಾಡ್ ಇಟ್ಟುಕೊಂಡಿದ್ದರು. ಅಂದರೆ ಮನೆಗೊಬ್ಬರು ಬಂದು ಅಂಗಳ ಗುಡಿಸಬೇಕು, ಬಾರದಿದ್ದರೆ ದಂಡ. ಭಾಷಾ ಮೇಷ್ಟ್ರು ಹಾಲ್ವರ್ ಅವರಿಗೋ, ಬೆಟ್ಟದ ಮೇಲಿನ ತಮ್ಮ ಮರದ ಮನೆಯಲ್ಲಿ ಒಬ್ಬರೇ ಬಿಸಿಲು ಕಾಯಿಸುವ ಆಸೆ. ಮನುಷ್ಯರ ಸದ್ದಿಲ್ಲದ ಆ ಒಂದು ದಿನಕ್ಕಾಗಿ ಇಡೀ ಚಳಿಗಾಲ ಹಲ್ಲುಕಚ್ಚಿ ಕಾದಿದ್ದರು.

ಕಳ್ಳಬೆಕ್ಕಿನಂತೆ ಮೆಟ್ಟಿಲಿಳಿದರೂ ಸಂಘದ ಅಧ್ಯಕ್ಷೆ ಟೂರಿಡ್ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಿಗೆ ಸವಾರಿ ಮೇಷ್ಟ್ರೇ? ನಿಮ್ಮ ದುಗ್ನಾಡ್ಸೋನ್ ಎಲ್ಲಿ ಹೋಯ್ತು?"

ಮೇಷ್ಟ್ರಿಗೆ ರೇಗಿತು. "ಆ ಪದದ ಹುಟ್ಟು ಗೊತ್ತೇನ್ರೀ ನಿಮಗೆ? ದುಗ್ನಾಡ್ ಅಂದ್ರೆ ಹಳೇ ಮಾತಲ್ಲಿ ನೆರವು. ಕಷ್ಟದಲ್ಲಿರೋನ ಮನೆಗೆ ಊರೋರೆಲ್ಲ ತಾವಾಗೇ ಹೋಗಿ ಕೈ ಹಚ್ಚೋದು. ದಂಡ ಹಾಕಿ ಮಾಡಿಸಿದ್ರೆ ಅದು ಬಿಟ್ಟಿ ಚಾಕರಿ!"

ಅಂಗಳದ ಪೊರಕೆಗಳೆಲ್ಲ ನಿಂತವು. ಕೆಲಸದವರಿಗೆಲ್ಲ ವಾಫೆಲ್ ದೋಸೆ ಹುಯ್ಯುತ್ತಿದ್ದ ಅಜ್ಜಿಯ ಸೌಟು ಗಾಳಿಯಲ್ಲೇ ಉಳಿಯಿತು. ಈ ದೇಶದಲ್ಲಿ ರಾಜನನ್ನು ಬೈದರೂ ನಡೆದೀತು, ದುಗ್ನಾಡನ್ನು ಬೈದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮೇಷ್ಟ್ರಿಗೇ ದಿಗಿಲಾಯಿತು. ತಪ್ಪಿಸಿಕೊಳ್ಳಲು ಒಂದು ಸುಳ್ಳು ಬಿಟ್ಟರು. "ಅಲ್ಲಾ, ನನಗೂ ಕಷ್ಟ ಇದೆ. ಬೆಟ್ಟದ ಮನೆ ಚಾವಣಿ ಸೋರ್ತಿದೆ. ಹೋಗಿ ಸರಿಮಾಡ್ಬೇಕು."

ಟೂರಿಡ್ ಪೊರಕೆ ಬಿಸಾಡಿದಳು. ಕಣ್ಣಲ್ಲಿ ನೀರು! "ಇಷ್ಟು ವರ್ಷ ತಪ್ಪು ಮಾಡಿದ್ವಿ ಕಣ್ರೋ. ದುಗ್ನಾಡ್ಸೋನ್ ಅನ್ನೋ ಪದದ ಮೊದಲರ್ಧ ಮೇಷ್ಟ್ರು ಹೇಳಿಕೊಟ್ರು, ನೆರವು. ಉಳಿದರ್ಧ ಓನ್, ಅಂದ್ರೆ ಹುಮ್ಮಸ್ಸು. ಅದನ್ನ ನಾವು ತೋರ್ಸೋಣ. ಏಣಿ ತಗೊಳ್ರೋ!"

"ಅಯ್ಯೋ ಬೇಡ ಮಾರಾಯ್ತಿ, ಸಣ್ಣ ತೂತು ಅಷ್ಟೇ!"

"ಸಂಕೋಚ ಬಿಡಿ ಮೇಷ್ಟ್ರೇ," ಎಂದು ಬಡಗಿ ಐವಿನ್ ಮೇಷ್ಟ್ರನ್ನೇ ಕಾರಿಗೆ ತುಂಬಿದ.

ಕಾರುಗಳ ಸಾಲು ಬೆಟ್ಟ ಹತ್ತಿತು. ಅಲ್ಲಿನ ರೂಢಿಯಂತೆ ಹುಲ್ಲು ಬೆಳೆಸಿದ ಚಾವಣಿಯ ಮೇಲೆ ಐವಿನ್ ಎಷ್ಟು ತಡಕಾಡಿದರೂ ತೂತು ಸಿಗಲಿಲ್ಲ.

"ಎಲ್ಲಿ ಸೋರ್ತಿದೆ ಮೇಷ್ಟ್ರೇ?"

ನಿಜ ಹೇಳಿದರೆ ಮಾನ ಉಳಿಯದು. "ಅಲ್ಲೇ... ಎಲ್ಲೋ..." ಎಂದು ಮೇಷ್ಟ್ರು ತೊದಲಿದರು.

"ಹಾಗಾದ್ರೆ ಎಲ್ಲಾ ಕಿತ್ತೇ ನೋಡೋಣ!"

ಸಂಜೆಯ ಹೊತ್ತಿಗೆ ಹುಲ್ಲು, ಮಣ್ಣು, ಅದರಡಿಯ ಮರದ ತೊಗಟೆ ಎಲ್ಲ ನೆಲಕ್ಕೆ ಬಂದಿತ್ತು. ಸಮುದ್ರದ ಕಡೆಯಿಂದ ಕಪ್ಪು ಮೋಡ ಏರುತ್ತಿತ್ತು. ಮೇಷ್ಟ್ರು ಒಳಗೆ ಮಂಚದ ಮೇಲೆ ಕೂತು ಆಕಾಶ ನೋಡಿದರು.

"ಚಿಂತೆ ಬಿಡಿ," ಎಂದಳು ಟೂರಿಡ್ ಕೈ ಕೊಡವುತ್ತ. "ಹೊಸ ಚಾವಣಿ ಏಳೋ ತನಕ ಬೇಸಿಗೆ ಪೂರ್ತಿ, ಪ್ರತಿ ಶನಿವಾರ ನಾವೆಲ್ಲ ಬರ್ತೀವಿ. ದಂಡ ಇಲ್ಲ, ಬಲವಂತ ಇಲ್ಲ! ಅಂದಹಾಗೆ, ಹಿಂದಿನ ಕಾಲದಲ್ಲಿ ಕೆಲಸಕ್ಕೆ ಬಂದೋರಿಗೆಲ್ಲ ಊಟ ಯಾರು ಹಾಕ್ತಿದ್ರು ಮೇಷ್ಟ್ರೇ?"

ಮೇಷ್ಟ್ರಿಗೆ ಉತ್ತರ ಚೆನ್ನಾಗಿ ಗೊತ್ತಿತ್ತು.