ಪಟ್ಟಾಭಿರಾಮನ ಕಡಲ ಕಛೇರಿ

ಕೆಲಸಕ್ಕೆ ಸೇರುವಾಗ ಪಟ್ಟಾಭಿರಾಮ ಹೇಳಿದ್ದು ಒಂದೇ ಸುಳ್ಳು. ಸಮುದ್ರದಲ್ಲಿ ತಲೆ ಸುತ್ತುತ್ತದೆಯೇ ಎಂದು ಮ್ಯಾನೇಜರ್ ಮಿಸ್ ಚ್ಯೂ ಕೇಳಿದಾಗ, ಎದೆಯುಬ್ಬಿಸಿ ‘ಎಂದೂ ಇಲ್ಲ’ ಎಂದಿದ್ದ. ನಿಜ ಹೇಳಬೇಕೆಂದರೆ, ಉಯ್ಯಾಲೆ ನೋಡಿದರೂ ಅವನ ಹೊಟ್ಟೆ ತೊಳಸುತ್ತಿತ್ತು.

ಆದರೆ ಸಿಂಗಾಪುರದಿಂದ ಬಾತಾಮ್ ದ್ವೀಪಕ್ಕೆ ಹೋಗುವ ಫೆರ್ರಿಯಲ್ಲಿ ಪಿಯಾನೋ ನುಡಿಸುತ್ತ ಹಾಡುವ ಆ ಕೆಲಸ ಅವನಿಗೆ ಬೇಕೇ ಬೇಕಾಗಿತ್ತು. ಬ್ಯಾಂಕಿನ ಸಾಫ್ಟ್‌ವೇರ್ ನೌಕರಿ ಹೋಗಿತ್ತು ಎನ್ನುವುದು ಒಂದು ಕಾರಣ. ಕನ್ನಡ ಸಂಘದಲ್ಲಿ ಅವನು ಮೈಕ್ ಹಿಡಿದೊಡನೆ ಜನ ಎದ್ದು ಬಿಸಿಬೇಳೆಬಾತಿನ ಸಾಲಿಗೆ ಹೋಗುತ್ತಿದ್ದರು ಎನ್ನುವುದು ಇನ್ನೊಂದು. ನಡುಗಡಲಲ್ಲಿ ಎದ್ದು ಹೋಗುವುದೆಲ್ಲಿಗೆ?

ವಾಂತಿ ತಡೆಯುವ ಮಾತ್ರೆ ನುಂಗಿ ನುಂಗಿ ಹೇಗೋ ಪ್ರೊಬೇಷನ್ ಸಾಗಿಸಿದ್ದ. ಇಂದು ಅದರ ಕೊನೆಯ ದಿನ. ಹೆಂಡತಿ ಪ್ರಭಾ ಬೆಳಿಗ್ಗೆ ಸೆರಂಗೂನಿನ ತಮ್ಮ ಅಪಾರ್ಟ್‌ಮೆಂಟ್ ಲಿಫ್ಟಿನಲ್ಲಿ ಮೇಲಿನ ಮನೆಯ ನಳಿನಿ ಆಂಟಿಗೆ ಈ ಗುಟ್ಟು ಬಿಟ್ಟುಕೊಟ್ಟಿದ್ದೇ ತಪ್ಪಾಯಿತು. ಅವನು ಟರ್ಮಿನಲ್ ತಲುಪುವಷ್ಟರಲ್ಲಿ ಆಂಟಿ, ಗಂಡ ಅನಂತರಾಮ್ ಸಮೇತ, ಟಿಕೆಟ್ ಹಿಡಿದು ನಿಂತಿದ್ದರು.

“ಪಟ್ಟಾಭಿ, ನಿಮ್ಗೆ ಸಪೋರ್ಟ್ ಮಾಡೋಕೆ ಬಂದ್ವಿ! ಏನದು ಕೈಯಲ್ಲಿ? ಮಾತ್ರೇನಾ? ಕೆಮಿಕಲ್ ಕಣ್ರೀ, ಗಂಟಲು ಒಣಗುತ್ತೆ!”

“ಆಂಟಿ, ಬೇಡ, ಇರೋದು ಅದೊಂದೇ...”

ಮಾತ್ರೆ ಕಸದ ಡಬ್ಬಿ ಸೇರಿಯಾಗಿತ್ತು.

ಫೆರ್ರಿ ಹೊರಟಿತು. ಆ ದಿನವೇ ಗಾಳಿ ಎದ್ದಿತ್ತು. ಪಿಯಾನೋ ಮುಂದೆ ಕುಳಿತ ಪಟ್ಟಾಭಿರಾಮನ ಮುಖ ಎಳೆ ಬಾಳೆಲೆಯ ಬಣ್ಣಕ್ಕೆ ತಿರುಗಿತು. ಮಿಸ್ ಚ್ಯೂ ಎದುರಿನ ಸಾಲಿನಲ್ಲೇ ಕೈಕಟ್ಟಿ ಕುಳಿತಿದ್ದಳು.

“ತಗೊಳ್ಳಿ, ನಮ್ಮಮ್ಮನ ಕೈಯಿಂದು,” ಎಂದು ಆಂಟಿ ನಿಂಬೆ ಉಪ್ಪಿನಕಾಯಿಯ ದೊಡ್ಡ ಹೋಳೊಂದನ್ನು ಅವನ ಬಾಯಿಗೆ ತುರುಕಿದರು.

“ಹಾಗಲ್ಲ ಕಣೇ, ಇದಕ್ಕೆಲ್ಲ ನೀಲಗಿರಿ ಎಣ್ಣೆನೇ ಬೆಸ್ಟು,” ಎಂದು ಅನಂತರಾಮ್ ಮೂಗಿನ ಕೆಳಗೆ ಎಣ್ಣೆ ಸವರಿದರು. ಕೈ ಜಾರಿ ಅರ್ಧ ಕಣ್ಣಿಗೇ ಹೋಯಿತು.

ಅಷ್ಟರಲ್ಲಿ ಹಾಡಿನ ಸಮಯವಾಯಿತು. ಅದೊಂದು ಹಳೆಯ ಇಂಗ್ಲಿಷ್ ವಿರಹಗೀತೆ. ಪಟ್ಟಾಭಿರಾಮ ಬಾಯಿ ತೆರೆದ. ಕಣ್ಣಿಂದ ಧಾರೆ ಇಳಿಯಿತು. ಒಲೆಯ ಮೇಲಿನ ಹಾಲಿನಂತೆ ಹೊಟ್ಟೆ ಉಕ್ಕಿದಾಗಲೆಲ್ಲ ಹಾಡಿನ ಸಾಲಿನ ನಡುವೆ ನಿಲ್ಲಿಸಿ, ಉಪ್ಪಿನಕಾಯಿಯ ರಸ ನುಂಗಿ, ಪಿಯಾನೋವನ್ನು ತಬ್ಬಿ ಹಿಡಿದು, ನರಳುತ್ತ ಮುಂದುವರಿದ. ಒಂದು ದೊಡ್ಡ ಅಲೆಗೆ ತಲೆಯೇ ಪಿಯಾನೋ ಮೇಲೆ ಬಿದ್ದು ‘ಢಂ’ ಎಂದಿತು.

ಮುಗಿಯಿತು ಕೆಲಸ ಎಂದುಕೊಂಡು ಮೆಲ್ಲಗೆ ತಲೆಯೆತ್ತಿದ. ಫೆರ್ರಿಗೆ ಫೆರ್ರಿಯೇ ಅಳುತ್ತಿತ್ತು. ಅಜ್ಜಿಯೊಬ್ಬಳು ಸೆರಗಿಲ್ಲದೆ ಟೋಪಿಯಲ್ಲೇ ಕಣ್ಣೊರೆಸಿಕೊಂಡಳು. ಆಮೇಲೆ ಬಿತ್ತು ನೋಡಿ ಚಪ್ಪಾಳೆ! ಅವನ ಬದುಕಿನಲ್ಲೇ ಮೊದಲ ಸಲ, ಊಟದ ಘೋಷಣೆಗಲ್ಲದೆ ಹಾಡಿಗೆ ಬಿದ್ದ ಚಪ್ಪಾಳೆ.

ಬಾತಾಮ್ ದಡದಲ್ಲಿ ಮಿಸ್ ಚ್ಯೂ ಕೈಕುಲುಕಿದಳು. “ಇವತ್ತು ನಿನ್ನನ್ನ ತೆಗೆದುಹಾಕೋಣ ಅಂತಿದ್ದೆ. ಇಷ್ಟು ದಿನ ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟ್ ತರಹ ಹಾಡ್ತಿದ್ದೆ, ಫೀಲಿಂಗೇ ಇರಲಿಲ್ಲ. ಈಗ ನೀನು ಪರ್ಮನೆಂಟ್!”

ಪಟ್ಟಾಭಿರಾಮನ ಕಣ್ಣು ಮತ್ತೆ ತುಂಬಿತು, ಈ ಸಲ ಎಣ್ಣೆಯಿಲ್ಲದೆ.

“ಆಂಟಿ ಎಲ್ಲಾ ಹೇಳಿದ್ರು,” ಎಂದಳು ಮಿಸ್ ಚ್ಯೂ. “ತಪ್ಪೆಲ್ಲ ಆ ಮಾತ್ರೆದು. ಇನ್ಮೇಲೆ ಮಾತ್ರೆ ನುಂಗಿದ್ದು ಕಂಡ್ರೆ ಕೆಲಸ ಇಲ್ಲ. ಮುಂದಿನ ವಾರದಿಂದ ನೀನು ಬಿಂಟಾನ್ ದ್ವೀಪದ ರೂಟಿಗೆ. ಅಲ್ಲಿ ಅಲೆ ಇನ್ನೂ ಜೋರು, ಇನ್ನೂ ಚೆನ್ನಾಗಿ ಹಾಡ್ತೀಯ.”

ಹಿಂದಿನಿಂದ ನಳಿನಿ ಆಂಟಿ ಬೆನ್ನು ತಟ್ಟಿದರು. “ನೋಡಿದ್ರಾ, ನಾನೇ ಎಲ್ಲಾ ಕ್ಲಿಯರ್ ಮಾಡ್ದೆ! ಟ್ರೀಟ್ ಯಾವಾಗ ಪಟ್ಟಾಭಿ?”

ಪಟ್ಟಾಭಿರಾಮ ಆಗಲೇ ಬಾಯಿಗೆ ಕೈ ಅಡ್ಡ ಹಿಡಿದು ದಡದ ಕಂಬಿಯ ಕಡೆಗೆ ಓಡಿದ್ದ.