ಪೂಜೆಗಿಟ್ಟ ಕಂಪ್ಯೂಟರ್

ಕೆಂಪರಾಜ ಹೇಳಿದ್ದು ಒಂದೇ ಒಂದು ಸುಳ್ಳು. "ಸರಕಿನ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರ್ಸಾಯ್ತು ಯಜಮಾನ್ರೇ" ಎಂದು ಹೋದ ವಾರ ಅಂದುಬಿಟ್ಟಿದ್ದ. ಏರಿಸಿದ್ದು ಅರ್ಧ ಮಾತ್ರ.

"ಹಾಗಾದ್ರೆ ಆಯುಧಪೂಜೆ ದಿನ ಸಂಜೆ ನಮ್ಮ ಬೀಗರಿಗೆ ತೋರ್ಸು. ಅವತ್ತೇ ನಿನ್ನ ಕೆಲಸ ಕಾಯಂ ಮಾಡ್ತೀನಿ" ಎಂದಿದ್ದರು ನೆಲಮಂಗಲದ ಗೋಡೌನಿನ ಯಜಮಾನ ಆದಿನಾರಾಯಣಪ್ಪ.

ಪೂಜೆಯ ದಿನ ಉಳಿದರ್ಧ ಮುಗಿಸಲು ಕೆಂಪರಾಜ ಕಳ್ಳಬೆಕ್ಕಿನಂತೆ ಬಂದು ಕೂತ. ಆಫೀಸು ಗುಡಿಸುವ ದ್ಯಾವಮ್ಮ ಆಗಲೇ ಕಂಪ್ಯೂಟರಿಗೆ ವಿಭೂತಿ ಬಳಿದು ಕುಂಕುಮ ಇಟ್ಟಿದ್ದಳು.

"ಪೂಜೆಗಿಟ್ಟಿದ್ದನ್ನ ಮುಟ್ಬಾರ್ದು ಕಣಪ್ಪಾ!"

"ನೀನು ಸುಮ್ನಿರಮ್ಮ."

ಬೆರಳು ನೋಯುವಷ್ಟು ಟೈಪು ಮಾಡಿ ಸೇವ್ ಮಾಡಲು ಹೋದರೆ ಕಂಪ್ಯೂಟರ್ ನಡೆಸುವ ಲಿನಕ್ಸ್ ಒಲ್ಲೆ ಎಂದಿತು: 'ರೀಡ್ ಓನ್ಲಿ ಫೈಲ್ ಸಿಸ್ಟಮ್.' ಮತ್ತೆ ಮಾಡಿದ. ಮತ್ತೆ ಅದೇ. ಈಗೇನಾದರೂ ಕರೆಂಟು ಹೋದರೆ ಟೈಪು ಮಾಡಿದ್ದೂ ಹೋಯಿತು, ಕೆಲಸವೂ ಹೋಯಿತು.

"ಎರಡು ತಟ್ಟು ಗುರು, ನಮ್ಮ ಲಾರಿ ಹಂಗೇ ಸ್ಟಾರ್ಟ್ ಆಗೋದು" ಎಂದು ಡ್ರೈವರ್ ಪಿಳ್ಳಣ್ಣ ತಾನೇ ತಟ್ಟಿಯೂ ನೋಡಿದ. ಕುಂಕುಮ ಕೀಲಿಮಣೆಗೆ ಉದುರಿತು, ಅಷ್ಟೇ.

ಆಫೀಸಿನ ಫೋನಿಗೆ ಯಜಮಾನರ ಬೀಗ. ಬೀಗ ಹಾಕದೆ ಅವರಿಗೆ ನಿದ್ದೆ ಬಾರದು. ಕೆಂಪರಾಜ ತುಮಕೂರು ರಸ್ತೆಯ ಲಾರಿಗಳ ನಡುವೆ ನುಸುಳಿ ಎಸ್‌ಟಿಡಿ ಬೂತಿಗೆ ಓಡಿದ. ಕಂಪ್ಯೂಟರ್ ಕೂರಿಸಿಕೊಟ್ಟಿದ್ದ ಅಂಜನ್ ಹಬ್ಬಕ್ಕೆ ಊರಿಗೆ ಹೋಗಿದ್ದ. ಸಿಕ್ಕಿದ್ದು ಅವನ ರೂಮ್‌ಮೇಟ್.

"ಡಿಸ್ಕನ್ನ ಓದೋಕೆ ಮಾತ್ರ ಮೌಂಟ್ ಮಾಡಿದ್ದಾರೆ ಸಾರ್, ಬರೆಯೋಕಲ್ಲ. ಬರ್ಕೊಳ್ಳಿ: ಮೌಂಟ್, ಮೈನಸ್ ಓ, ರೀಮೌಂಟ್ ಕಾಮಾ ಆರ್‌ಡಬ್ಲ್ಯೂ, ಆಮೇಲೆ ಡಿಸ್ಕ್ ಇರೋ ಜಾಗದ ಹೆಸರು. ಆಗ ಬರೆಯೋಕೂ ಬಿಡುತ್ತೆ. ಕಾಮಾ ಆದ್ಮೇಲೆ ಸ್ಪೇಸ್ ಬೇಡ. ಆದ್ರೆ ಮೊದ್ಲು, ಹಂಗೆ ಮಾಡಿದ್ದು ಯಾರು, ಯಾಕೆ ಅಂತ ಕೇಳಿ..."

ಅಷ್ಟರಲ್ಲಿ ಕೆಂಪರಾಜ ಫೋನಿಟ್ಟಾಗಿತ್ತು.

ಅಂಗೈ ಮೇಲೆ ಬರೆದುಕೊಂಡದ್ದು ಬೆವರಿಗೆ ಕಲಸಿಹೋಗಿತ್ತು. ಟೈಪು ಮಾಡಿದ. ಆಗಲಿಲ್ಲ. ಹೊರಗೆ ಯಜಮಾನರ ಕಾರಿನ ಹಾರನ್ನು ಕೇಳಿಸಿತು. ಕಾಮಾದ ಪಕ್ಕ ಬಿಟ್ಟಿದ್ದ ಜಾಗ ಕಂಡು, ಅಳಿಸಿ ಮತ್ತೆ ಒತ್ತಿದ. ಈ ಸಲ ಡಿಸ್ಕ್ ಒಪ್ಪಿತು, ಲೆಕ್ಕವೆಲ್ಲ ಸೇವ್ ಆಯಿತು! ಕೆಂಪರಾಜನಿಗೆ ಹೋದ ಜೀವ ಬಂದಂತಾಯಿತು.

ಯಜಮಾನರು ಬೀಗರೊಂದಿಗೆ ಒಳಬರುವುದೇ ತಡ, ಪಿಳ್ಳಣ್ಣ ಹಲ್ಲು ಕಿರಿದ. "ಕೆಟ್ಟೋಗಿದ್ದ ಕಂಪ್ಯೂಟ್ರನ್ನ ನಮ್ಮ ಕೆಂಪರಾಜು ರಿಪೇರಿ ಮಾಡ್ಬಿಟ್ಟ ಯಜಮಾನ್ರೇ! ಬರೆಯೋಕೇ ಬಿಡ್ತಿರ್ಲಿಲ್ಲ ಅದು!"

ಕೆಂಪರಾಜ ನಾಚಿಕೊಂಡು ನಿಂತ. ಯಜಮಾನರು ನಗಲಿಲ್ಲ.

"ಕೆಟ್ಟಿರ್ಲಿಲ್ಲ ಕಣಯ್ಯಾ. ಆಯುಧಕ್ಕೆ ಇವತ್ತೊಂದಿನ ವಿಶ್ರಾಂತಿ, ಯಾರೂ ಅದ್ರಲ್ಲಿ ಬರೆಯೋ ಹಂಗಿಲ್ಲ, ನೋಡೋಕೆ ಮಾತ್ರ ಇರ್ಲಿ ಅಂತ ನಿನ್ನೆ ಅಂಜನ್‌ಗೆ ಹೇಳಿ ನಾನೇ ಬೀಗ ಹಾಕ್ಸಿದ್ದೆ."

ಆಮೇಲೆ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಕೇಳಿದರು:

"ಎಲ್ಲಾ ಹೋದ ವಾರವೇ ಏರ್ಸಾಯ್ತು ಅಂದಿದ್ಯಲ್ಲ ಕೆಂಪರಾಜು. ಬೀಗ ಒಡೆದು ಇವತ್ತೇನಪ್ಪಾ ಬರೆದೆ?"