ತೊಟ್ಟಿಯ ಹತ್ತಿರ ಸಿಕ್ಕ ಹಗ್ಗ

ಟೈಲರ್ ಹೊಲಿಗೆ ಯಂತ್ರ ತುಳಿಯುವಾಗ ಹೆಂಡತಿ ಏನೇ ಹೇಳಲಿ, ಅವನ ಕಿವಿಗೆ ಬೀಳುತ್ತಿದ್ದದ್ದು ಅರ್ಧ. ಆ ಬೆಳಿಗ್ಗೆ ಬಿದ್ದ ಅರ್ಧ ಇಷ್ಟು: "ದನದ ಸಂತೆಗೆ ಹೋಗಿ ನೀರಿನ ತೊಟ್ಟಿ ಹತ್ರ ನಿಂತ್ಕೊಳ್ಳಿ. ನನ್ನ ತಮ್ಮ..." ಮುಂದಿನದನ್ನು ಯಂತ್ರ ನುಂಗಿತು. ಕೊನೆಗೆ, "ಸಾಯಂಕಾಲದೊಳಗೆ ಹಸು ಮನೇಲಿರ್ಬೇಕು," ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಭಾಮೈದ ದುಡ್ಡು ತರುತ್ತಾನೆ, ಹಸುವನ್ನೂ ಅವನೇ ಆರಿಸುತ್ತಾನೆ ಎಂದು ಟೈಲರ್ ತಾನೇ ತೀರ್ಮಾನಿಸಿಕೊಂಡ. ಮತ್ತೊಮ್ಮೆ ಕೇಳುವ ಧೈರ್ಯ ಇರಲಿಲ್ಲ. ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟು ಭಾಮೈದನ ಕೈಗೆ ಕೊಟ್ಟಿದ್ದ ದುಡ್ಡಿನ ಹಸು ಅದು. ನಾಳೆಯಿಂದ ಬೇಕರಿಗೆ ಹಾಲು ಕೊಡುತ್ತೇನೆಂದು ಹೆಂಡತಿ ಮಾತನ್ನೂ ಕೊಟ್ಟಾಗಿತ್ತು.

ಕೊರಳಿನ ಅಳತೆ ಟೇಪು ತೆಗೆಯುವುದನ್ನೂ ಮರೆತು ಅವನು ತೊಟ್ಟಿಯ ಹತ್ತಿರ ನಿಂತಿದ್ದ. ದಪ್ಪ ಮೀಸೆಯವನೊಬ್ಬ ಕಂದು ಹಸುವೊಂದನ್ನು ಹಿಡಿದು ಬಂದ. ಟೇಪನ್ನು ಒಮ್ಮೆ ನೋಡಿದ, ಹಗ್ಗವನ್ನು ಟೈಲರನ ಕೈಗೆ ತುರುಕಿದ, ತಿರುಗಿ ಹೊರಟೇಬಿಟ್ಟ.

"ಸ್ವಾಮಿ, ಎಲ್ಲಿಗೆ ಹೊರಟ್ರಿ?"

ಮೀಸೆಯವನು ತುಟಿ ಬಿಚ್ಚಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ಪಾಪ, ಏನೋ ಅವಸರವಿರಬೇಕು, ಈಗ ಬರುತ್ತಾನೆ ಎಂದುಕೊಂಡ ಟೈಲರ್.

ಅವನು ಬರಲಿಲ್ಲ, ಕೊಡೆ ಹಿಡಿದ ದಲ್ಲಾಳಿ ಬಂದ. "ಎಷ್ಟಕ್ಕೆ ಕೊಡ್ತೀರಿ?"

"ಇದು ನಂದಲ್ಲ."

ದಲ್ಲಾಳಿ ಕಣ್ಣು ಕಿರಿದು ಮಾಡಿ ಒಂದು ಬೆಲೆ ಹೇಳಿದ. ಟೈಲರ್ ಮತ್ತೆ ನಂದಲ್ಲವೆಂದ. ದಲ್ಲಾಳಿ ಬೆಲೆ ಏರಿಸಿದ. ಅಷ್ಟರಲ್ಲಿ ಹಾಲಿನವನೊಬ್ಬ ಬಂದು ಹಸುವಿನ ಬಾಯಿ ತೆರೆದು ಹಲ್ಲು ನೋಡಿ, "ಎಷ್ಟನೇ ಕರು ಇದರದ್ದು?" ಎಂದ.

"ನನಗೇನ್ರೀ ಗೊತ್ತು? ಯಾರದ್ದೋ ಹಸು."

"ನೋಡಿದ್ರಾ," ಎಂದು ಹಾಲಿನವನು ಜನರ ಕಡೆ ತಿರುಗಿದ. "ಎಲ್ಲರೂ ತಮ್ಮ ಹಸೂನ ಹೊಗಳ್ತಾರೆ. ಈತ ನಂದೇ ಅಲ್ಲ ಅಂತಿದಾನೆ. ಕೊಡೋಕೆ ಮನಸ್ಸೇ ಇಲ್ಲ. ಹಸು ಅಂಥದ್ದು."

ಸತ್ಯ ಹೇಳಿದಷ್ಟೂ ಬೆಲೆ ಏರುತ್ತಿತ್ತು. ತೊಟ್ಟಿಯ ಸುತ್ತ ಮದುವೆ ಮನೆಯ ಹಾಗೆ ಜನ ಸೇರಿದರು. ಟೈಲರ್ ಮಕ್ಕಳ ಮೇಲೆ ಆಣೆಯಿಟ್ಟ, ಹೊಲಿಗೆ ಯಂತ್ರದ ಮೇಲೂ ಆಣೆಯಿಟ್ಟ. ಕೊನೆಗೆ ಯಾರೋ, "ಇವನದ್ದಲ್ಲ ಅಂದ್ರೆ ಕದ್ದದ್ದಿರಬೇಕು," ಎಂದುಬಿಟ್ಟ.

ಹಸು ಬೇರೆ ಟೈಲರನ ಟೇಪನ್ನು ಅಗಿಯತೊಡಗಿತ್ತು. ಭಾಮೈದನ ಸುಳಿವಿಲ್ಲ, ಮೀಸೆಯವನ ಸುಳಿವಿಲ್ಲ. ಜನ ಚೂರು ಚದುರಿದ ಹೊತ್ತು ನೋಡಿ, ಅವನು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದ ಮುದುಕನ ಕೈಗೆ ಹಗ್ಗ ತುರುಕಿ, ಉಸಿರೆತ್ತದೆ, ಹಿಂದೆ ನೋಡದೆ ಕಾಲಿಗೆ ಬುದ್ಧಿ ಹೇಳಿದ. ಬೀದಿ ದಾಟಿದ ಮೇಲೆ ಅವನಿಗೆ ಹಿಡಿಸಲಾರದಷ್ಟು ಖುಷಿಯಾಯಿತು.

ಮನೆಯಲ್ಲಿ ಭಾಮೈದ ಹೊಸ ಕೊಟ್ಟಿಗೆಗೆ ಹುಲ್ಲು ಹಾಕುತ್ತಿದ್ದ. ಟೈಲರ್ ರೇಗಿದ. "ಏನಯ್ಯಾ, ನಿನಗೋಸ್ಕರ ಕಾದು ಕಾದು ಸಾಕಾಯ್ತು. ಇಲ್ಲಿದೀಯಾ?"

"ನಾನ್ಯಾಕೆ ಬರ್ಲಿ ಭಾವ? ನಿನ್ನೆನೇ ದುಡ್ಡು ಕೊಟ್ಟು ಮುಗಿಸಿದ್ನಲ್ಲ. ಕೊರಳಲ್ಲಿ ಟೇಪು ಇರೋರ ಕೈಗೆ ಹಗ್ಗ ಕೊಡಿ ಅಂತ ಮೀಸೆಯೋರಿಗೆ ಹೇಳಿದ್ದೆ. ಹಸು ಎಲ್ಲಿ?"

ಹೆಂಡತಿಯೂ ಹೊರಗೆ ಬಂದಳು. ಟೈಲರ್ ಗೋಡೆ ಹಿಡಿದುಕೊಂಡ. "ಅವನು ಒಂದು ಮಾತೂ ಆಡ್ಲಿಲ್ವಲ್ಲೋ!"

"ಆಡಬಾರದು ಭಾವ. ಆ ಸಂತೆ ಹುಟ್ಟಿದಾಗಿಂದ ಅದೇ ಕಟ್ಟುಪಾಡು. ಹಗ್ಗ ಕೈಗೆ ಕೊಟ್ಟು, ಮಾತಾಡದೆ, ತಿರುಗಿ ನೋಡದೆ ಹೋದ್ರೆ ಹಸು ಹಗ್ಗ ತಗೊಂಡೋರದ್ದಾಯ್ತು ಅಂತ ಅರ್ಥ. ಆಮೇಲೆ ತಕರಾರಿಲ್ಲ. ನೀವೇನು ಮಾಡಿದ್ರಿ?"

ತಾನೇನು ಮಾಡಿದೆನೆಂದು ಟೈಲರ್ ಹೇಳಿದ. ಹೆಂಡತಿ ಸಂತೆಯ ದಾರಿಗೆ ಕೈ ತೋರಿಸಿದಳು.

ಭಾವ ಭಾಮೈದ ಇಬ್ಬರೂ ಸಂತೆಗೆ ಓಡಿದರು. ಮುದುಕ ಅಲ್ಲೇ ಇದ್ದ, ಹಸುವೂ ಇತ್ತು.

"ಅಜ್ಜಾ, ಆ ಹಸು ನಂದು," ಎಂದ ಟೈಲರ್ ಏದುಸಿರು ಬಿಡುತ್ತ.

ಮುದುಕ ಉತ್ತರಿಸುವ ಮೊದಲೇ ದಲ್ಲಾಳಿ ಕೊಡೆ ಮಡಚಿ ನಡುವೆ ಬಂದ. "ಛೇ, ಹಾಗನ್ಬಾರ್ದು ಸ್ವಾಮಿ. ನೀವು ಸುಳ್ಳು ಹೇಳೋರಲ್ಲ ಅಂತ ಈಗಷ್ಟೇ ಮಾತಾಡ್ಕೋತಿದ್ವಿ. ಬೆಳಿಗ್ಗೆಯಿಂದ ನಂದಲ್ಲ ನಂದಲ್ಲ ಅಂದಿದ್ದು ನೀವೇ. ಸಂತೆಗೆ ಸಂತೆಯೇ ಸಾಕ್ಷಿ."

"ಮಕ್ಕಳ ಮೇಲೆ ಆಣೆ ಇಟ್ರು," ಎಂದ ಹಾಲಿನವನು. "ನಾನೇ ಕೇಳಿದೀನಿ."

ಭಾಮೈದ ತಲೆ ತಗ್ಗಿಸಿ ನೆಲ ನೋಡುತ್ತ ನಿಂತ. ಟೈಲರ್ ಎಲ್ಲರ ಮುಖವನ್ನೂ ನೋಡಿದ. ಒಂದೊಂದು ಮುಖದಲ್ಲೂ ಅವನ ಪ್ರಾಮಾಣಿಕತೆಯ ಬಗ್ಗೆ ಅಪಾರ ಗೌರವವಿತ್ತು.

ಮುದುಕ ಎದ್ದು ಟೈಲರನ ಭುಜ ತಟ್ಟಿದ. "ಬೇಜಾರು ಮಾಡ್ಕೋಬೇಡಪ್ಪ. ಹಸು ಮೇಲೆ ಅಷ್ಟು ಮನಸ್ಸಿದ್ರೆ ನಿನಗೇ ಕೊಡ್ತೀನಿ. ಬೆಲೆ ಮಾತ್ರ ಬೆಳಿಗ್ಗೆ ನಿನ್ನ ಬಾಯಿಂದಲೇ ಎಲ್ಲಿಗೆ ಏರಿತ್ತೋ, ಅಲ್ಲಿಂದ ಶುರು."